ಇಕಾಮಾದ ದಿನಾಂಕ ಲೈವ್‌ನಲ್ಲಿ ಕಾಣುವುದಿಲ್ಲ

ಚಾರ್ಮಾಡಿ ಘಾಟಿ ಇಳಿದು ಉಜಿರೆಯತ್ತ ಬರುವಾಗ ಸಿಗುವ ನಮ್ಮ ಕಕ್ಕಿಂಜೆ ದೊಡ್ಡ ಪೇಟೆಯೇನಲ್ಲ. ಆದರೂ ಕೊಲ್ಲಿ ದೇಶದ ನಂಟಿಲ್ಲದ ಓಣಿಯನ್ನು ಇಲ್ಲಿ ಹುಡುಕುವುದು ಕಷ್ಟ. ನನ್ನ ಪರಿಚಯದ ಹುಡುಗನೊಬ್ಬ ರಿಯಾದ್‌ನ ಅಂಗಡಿಯೊಂದರಲ್ಲಿ ದುಡಿಯುತ್ತಾನೆ. ಡ್ಯೂಟಿ ಮುಗಿಸಿ ರಾತ್ರಿ ಮೊಬೈಲ್ ನಿಲ್ಲಿಸಿ ಲೈವ್ ಬರುತ್ತಾನೆ. ಒಂದೇ ವಾಕ್ಯದಲ್ಲಿ ತುಳು, ಬ್ಯಾರಿ, ಕನ್ನಡ ಮೂರೂ ಇರುತ್ತವೆ. ಕುಬ್ಬೂಸ್ ತೋರಿಸುತ್ತಾನೆ, ಮರಳುಗಾಳಿ ತೋರಿಸುತ್ತಾನೆ. ತನ್ನ ಇಕಾಮಾ, ಅಂದರೆ ವಾಸದ ಪರವಾನಗಿ, ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂಬುದನ್ನು ಮಾತ್ರ ಎಂದೂ ಹೇಳಿಲ್ಲ. ಅವನ ಬದುಕನ್ನು ನಡೆಸುವುದು ಆ ದಿನಾಂಕವೇ. ಅದರ ಹಿಂದೆ ಒಂದು ಚರಿತ್ರೆಯಿದೆ.

ಕೊಲ್ಲಿಯ ದಾರಿ ಮೊದಲು ಸಮುದ್ರದ ದಾರಿಯಾಗಿತ್ತು. ಮುಂಬೈಯಿಂದ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು ಕರಾಚಿ ಮಾರ್ಗವಾಗಿ ಕೊಲ್ಲಿಯ ಬಂದರುಗಳಿಗೆ ಹೋಗುತ್ತಿದ್ದವು. ಅವುಗಳಲ್ಲೊಂದಾದ ‘ದಾರಾ’ 1961ರ ಏಪ್ರಿಲ್‌ನಲ್ಲಿ ದುಬೈ ಸಮೀಪ ಸ್ಫೋಟಗೊಂಡು 238 ಜನ ಸತ್ತರು. ಇನ್ನೊಂದು, ‘ದ್ವಾರಕಾ’, 1982ರವರೆಗೂ ಓಡಿತು. ಆಗ ಅಲ್ಲಿ ಚಲಾವಣೆಯಲ್ಲಿದ್ದದ್ದೂ ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತ್ತು. 1961ರಲ್ಲಿ ಕುವೈತ್ ತನ್ನದೇ ದಿನಾರ್ ತಂದಿತು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಉಳಿದವರೂ ಕೈಬಿಟ್ಟರು. 1973ರ ನಂತರ ತೈಲದ ಬೆಲೆ ಏರಿದಾಗ ಲೆಕ್ಕ ತಿರುವುಮುರುವಾಯಿತು. ರೂಪಾಯಿಯನ್ನು ಬಿಟ್ಟ ನಾಡಿಗೆ ರೂಪಾಯಿಗಾಗಿ ಹೋಗುವ ಕಾಲ ಬಂತು.

ಹೋಗಲು ಕಾಗದ ಬೇಕು. 1967ರವರೆಗೆ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿಯಾಗಿತ್ತು. ವಿದೇಶ ಪ್ರಯಾಣವೂ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಆ ವರ್ಷ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದರ ಬೆನ್ನಿಗೇ ಪಾಸ್‌ಪೋರ್ಟ್ ಕಾಯ್ದೆ ಬಂತು. 1983ರ ವಲಸೆ ಕಾಯ್ದೆ ಇನ್ನೊಂದು ಬಾಗಿಲು ಇಟ್ಟಿತು: ಕೊಲ್ಲಿಗೆ ದುಡಿಯಲು ಹೋಗುವವರು ಸರ್ಕಾರದ ಅನುಮತಿ ಪಡೆಯಬೇಕು. ಮುಂದೆ ಹತ್ತನೇ ತರಗತಿ ಪಾಸಾದವರಿಗೆ ಇದರಿಂದ ವಿನಾಯಿತಿ ಸಿಕ್ಕಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಮ್ಮೂರಲ್ಲಿ ಕಾಲೇಜಿಗಿಂತ ಹೆಚ್ಚಾಗಿ ಪಾಸ್‌ಪೋರ್ಟಿಗೆ ಬೇಕಾದ ದಾಖಲೆಯಾದದ್ದು ಹೀಗೆ. ಬಜ್ಪೆಯಿಂದ ನೇರವಾಗಿ ದುಬೈಗೆ ವಿಮಾನ ಹಾರಿದ್ದು 2006ರಲ್ಲಿ. ಅಲ್ಲಿಯತನಕ ಬಸ್ಸಿನಲ್ಲಿ ಮುಂಬೈಗೆ ಹೋಗಿ, ಪರಿಚಯದವರ ಕೋಣೆಯಲ್ಲಿ ಮಲಗಿ, ಏಜೆಂಟನ ಮಾತಿಗೆ ಕಾಯಬೇಕಿತ್ತು.

ಅಲ್ಲಿ ಇಳಿದ ಮೇಲೆ ಎದುರಾಗುವುದು ಕಫಾಲಾ ಪದ್ಧತಿ. ಕೆಲಸಗಾರನ ವೀಸಾ ಅವನ ಹೆಸರಿನಲ್ಲಿದ್ದರೂ ಅದರ ಬೇರು ಪ್ರಾಯೋಜಕನ, ಅಂದರೆ ಕಫೀಲನ, ಕೈಯಲ್ಲಿ. ಕೆಲಸ ಬದಲಿಸಲು, ದೇಶ ಬಿಡಲು ಅವನ ಒಪ್ಪಿಗೆ ಬೇಕಿತ್ತು. ಕತಾರ್ 2018ರಲ್ಲಿ ಬಹುಪಾಲು ಕಾರ್ಮಿಕರಿಗೆ ನಿರ್ಗಮನ ಪರವಾನಗಿಯಿಂದ ಮುಕ್ತಿ ಕೊಟ್ಟಿತು. ಸೌದಿ ಅರೇಬಿಯಾ 2021ರ ಮಾರ್ಚ್‌ನಲ್ಲಿ ನಿಯಮ ಸಡಿಲಿಸಿತು. ಆದರೆ ಇಕಾಮಾ ನವೀಕರಣದ ಹೊಣೆ ಮಾಲೀಕನ ಬಳಿಯೇ ಉಳಿಯಿತು. ಅವನು ನವೀಕರಿಸದಿದ್ದರೆ ಊರಿಗೆ ಬಂದು ಹೋಗುವ ರೀ-ಎಂಟ್ರಿ ವೀಸಾ ಸಿಗುವುದಿಲ್ಲ.

ನಮ್ಮ ಲೈವ್ ಹುಡುಗನಿಗೆ ಆದದ್ದು ಇದೇ. ಮಾಲೀಕ ಶುಲ್ಕ ಕಟ್ಟಲಿಲ್ಲ, ಇಕಾಮಾ ಮುಗಿಯಿತು. ಅದೇ ತಿಂಗಳು ಇಲ್ಲಿ ಅವನ ತಂದೆ ತೀರಿಕೊಂಡರು. ಆ ದಿನ ಲೈವ್ ಇಲ್ಲಿಂದ ಅಲ್ಲಿಗೆ ಹೋಯಿತು. ತಮ್ಮ ಮೊಬೈಲ್ ಎತ್ತಿ ಹಿಡಿದಿದ್ದ, ಮಳೆ ಹನಿಯುತ್ತಿತ್ತು, ಯಾರೋ ಅದರ ಮೇಲೆ ಕೊಡೆ ಹಿಡಿದರು. ಮಣ್ಣು ಹಾಕುವಾಗ ನೆಟ್‌ವರ್ಕ್ ಕಡಿಯಿತು. ಅವನಿಗೆ ಊರಿಗೆ ಬರಲು ಸಾಧ್ಯವಾದದ್ದು ಎಷ್ಟೋ ತಿಂಗಳ ಮೇಲೆ.

ಇದನ್ನು 1990ರ ಪಕ್ಕದಲ್ಲಿಟ್ಟು ನೋಡಬೇಕು. ಆ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಅಲ್ಲಿದ್ದ ಸುಮಾರು 1,70,000 ಭಾರತೀಯರನ್ನು ಏರ್ ಇಂಡಿಯಾ ಮುಖ್ಯವಾಗಿ ಜೋರ್ಡಾನಿನ ಅಮ್ಮಾನ್‌ನಿಂದ ಕರೆತಂದಿತು. ಮನೆಯವರಿಗೆ ವಾರಗಟ್ಟಲೆ ಸುದ್ದಿಯಿರಲಿಲ್ಲ. ಮನೆಗೆ ಧ್ವನಿ ಮುಟ್ಟಿಸಲು ಅಂದು ಇದ್ದದ್ದು ಊರಿಗೆ ಹೊರಟವರ ಕೈಯಲ್ಲಿ ಕಳಿಸುವ ಕ್ಯಾಸೆಟ್ ಮತ್ತು ದುಬಾರಿ ಟ್ರಂಕ್ ಕಾಲ್. 2020ರಲ್ಲಿ ಹಾಗಿರಲಿಲ್ಲ. ಮಾರ್ಚ್ ಕೊನೆಗೆ ವಿಮಾನಗಳು ನಿಂತಾಗ, ಕೆಲಸ ಕಳೆದುಕೊಂಡವರು, ವಿಸಿಟ್ ವೀಸಾ ಮುಗಿದವರು, ತುಂಬು ಗರ್ಭಿಣಿಯರು ಮೊಬೈಲ್ ಎದುರು ನಿಂತು ಮಾತಾಡಿದರು. ನಾವು ಎಲ್ಲವನ್ನೂ ಕಂಡೆವು. ಆದರೂ ವಂದೇ ಭಾರತ್ ಯೋಜನೆಯಲ್ಲಿ ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಬಂದದ್ದು ಮೇ 12ಕ್ಕೆ. ಚಿತ್ರ ಕ್ಷಣದಲ್ಲಿ ಗಡಿ ದಾಟುತ್ತದೆ. ಮನುಷ್ಯ ಇಂದಿಗೂ ಮುದ್ರೆಗೆ ಕಾಯುತ್ತಾನೆ.

ತೋರಿಸುವುದರಲ್ಲೂ ಅಪಾಯವಿದೆ. ಯುಎಇಯ 2021ರ ಸೈಬರ್ ಕಾನೂನಿನಲ್ಲಿ ಒಪ್ಪಿಗೆಯಿಲ್ಲದೆ ಇತರರ ಚಿತ್ರ ತೆಗೆದು ಖಾಸಗಿತನ ಉಲ್ಲಂಘಿಸುವುದು ಅಪರಾಧ. ಉಡುಪಿ ಜಿಲ್ಲೆಯ ಎಸಿ ತಂತ್ರಜ್ಞರೊಬ್ಬರು ಫೇಸ್‌ಬುಕ್ ಬರಹಗಳ ಆರೋಪದಲ್ಲಿ 2019ರ ಡಿಸೆಂಬರ್‌ನಲ್ಲಿ ಸೌದಿಯಲ್ಲಿ ಬಂಧಿತರಾದರು. ಅವರ ಹೆಸರಿನ ಖಾತೆ ನಕಲಿ ಎಂದು ಇಲ್ಲಿನ ಪೊಲೀಸರು ಪತ್ತೆ ಹಚ್ಚಿದರೂ ಅವರು ಊರು ಮುಟ್ಟಿದ್ದು 2021ರ ಆಗಸ್ಟ್‌ನಲ್ಲಿ.

ಈ ಚರಿತ್ರೆಯ ಆಕರಗಳು ನಮ್ಮ ಕಪಾಟುಗಳಲ್ಲೇ ಇವೆ. ಮೂಲೆ ಕತ್ತರಿಸಿದ ಹಳೆಯ ಪಾಸ್‌ಪೋರ್ಟು, ಏಜೆಂಟನ ರಶೀದಿ, ಟಿಕೆಟಿನ ಪ್ರತಿ. ಎಷ್ಟೋ ಕ್ಯಾಸೆಟ್‌ಗಳ ಮೇಲೆ ಹಾಡು ತುಂಬಿಸಿ ಧ್ವನಿ ಅಳಿಸಿ ಹೋಗಿದೆ. ಇಂದಿನ ಲೈವ್‌ಗಳ ಗತಿಯೂ ಬೇರೆಯಲ್ಲ; 2020ರ ಜೂನ್‌ನಲ್ಲಿ ಭಾರತ ಟಿಕ್‌ಟಾಕ್ ನಿಷೇಧಿಸಿದಾಗ ಇಂಥ ಎಷ್ಟೋ ಮಾತುಗಳು ಒಂದೇ ರಾತ್ರಿಗೆ ಕೈತಪ್ಪಿದವು. ಉಜಿರೆಯಲ್ಲೋ ಮೂಡುಬಿದಿರೆಯಲ್ಲೋ ಓದುತ್ತಿರುವ ಇತಿಹಾಸದ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ರಾಜರ ಶಾಸನ ಓದುವುದರ ಜೊತೆಗೆ, ಮನೆಯ ಹಿರಿಯರ ಪಾಸ್‌ಪೋರ್ಟನ್ನೂ ಒಮ್ಮೆ ಪುಟಪುಟವಾಗಿ ಓದಿ. ಎರಡು ಮುದ್ರೆಗಳ ನಡುವೆ ಎಷ್ಟು ವರ್ಷವಿದೆ ನೋಡಿ, ಆ ವರ್ಷಗಳಲ್ಲಿ ಮನೆಯಲ್ಲಿ ಏನೇನು ನಡೆಯಿತು ಎಂದು ಕೇಳಿ. ಹೇಳುವವರು ಇನ್ನೂ ಇದ್ದಾರೆ.