ವೆಬ್ಲಿಯಿಂದ ನಿರ್ಭೀಕ್‌ವರೆಗೆ: ಒಂದೇ ರಿವಾಲ್ವರಿನ ಅವತಾರಗಳು

2024ರ ಲೋಕಸಭಾ ಚುನಾವಣೆಗೆ ನೀತಿ ಸಂಹಿತೆ ಜಾರಿಯಾದ ಹೊತ್ತು. ಮದಕರಿಪುರದ ನಮ್ಮ ದೊಡ್ಡಪ್ಪನ ಜೊತೆ ಠಾಣೆಗೆ ಹೋಗಿದ್ದೆ. ಲೈಸೆನ್ಸ್ ಇರುವವರು ಚುನಾವಣೆ ಮುಗಿಯುವ ತನಕ ಆಯುಧ ಠೇವಣಿ ಇಡಬೇಕಲ್ಲ, ಅದಕ್ಕೆ. ಮೇಜಿನ ಮೇಲೆ ಎರಡು ರಿವಾಲ್ವರ್ ಪಕ್ಕಪಕ್ಕದಲ್ಲಿದ್ದವು. ಒಂದು ನಮ್ಮ ತಾತ ಕೊಂಡಿದ್ದ .32 ವೆಬ್ಲಿ ಮಾರ್ಕ್ 4. ಇನ್ನೊಂದು ಯಾರೋ ಗುತ್ತಿಗೆದಾರರ ಕಾನ್ಪುರದ .32. ದೂರದಿಂದ ನೋಡಿದರೆ ಅಣ್ಣತಮ್ಮ. ನಿಜವಾಗಿಯೂ ಅಣ್ಣತಮ್ಮನೇ.

ಮೂಲ ವೆಬ್ಲಿಯನ್ನು ಬ್ರಿಟಿಷ್ ಸೇನೆ ಒಪ್ಪಿಕೊಂಡಿದ್ದು 1887ರಲ್ಲಿ. .455 ಗುಂಡು, 4 ಇಂಚಿನ ನಳಿಗೆ. 1915ರ ಮಾರ್ಕ್ 6 ಹೊತ್ತಿಗೆ ನಳಿಗೆ 6 ಇಂಚಾಯಿತು, ತೂಕ ಒಂದು ಕಿಲೋ ದಾಟಿತು. ಈ ವಂಶದ ಗುರುತು ಅಂದ್ರೆ ಅದು ಮುರಿದುಕೊಳ್ಳುವ ರೀತಿ. ಹ್ಯಾಮರಿನ ಪಕ್ಕದ ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ, ನಕ್ಷತ್ರದಂಥ ತಟ್ಟೆಯೊಂದು ಮೇಲೆದ್ದು ಆರೂ ಖಾಲಿ ತೋಟಾಗಳನ್ನು ಒಟ್ಟಿಗೆ ಎತ್ತಿ ಉದುರಿಸುತ್ತದೆ. ಆ ಕಾಲದ ಎಷ್ಟೋ ರಿವಾಲ್ವರುಗಳಲ್ಲಿ ಒಂದೊಂದೇ ತೋಟಾ ತಳ್ಳಿ ತೆಗೆಯಬೇಕಿತ್ತು.

ಮೊದಲ ಮಹಾಯುದ್ಧದ ನಂತರ ಸೇನೆಗೆ ಹಗುರವಾದದ್ದು ಬೇಕಾಯಿತು. ವೆಬ್ಲಿ ಕಂಪನಿ .38 ಮಾರ್ಕ್ 4 ರೂಪಿಸಿತು. ಸರ್ಕಾರ ಮಾತ್ರ ಹೆಚ್ಚುಕಮ್ಮಿ ಅದೇ ವಿನ್ಯಾಸವನ್ನು ತನ್ನ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ತಯಾರಿಸಿ, 1932ರಲ್ಲಿ 'ನಂಬರ್ 2' ಅಂತ ಹೆಸರಿಟ್ಟಿತು. ವೆಬ್ಲಿಯವರು ಕೋರ್ಟಿಗೂ ಹೋದರು. ಸಂಗ್ರಾಹಕರು ಮೊದಲು ನೋಡುವುದು ಇಲ್ಲಿನ ಒಂದು ಸಣ್ಣ ವ್ಯತ್ಯಾಸವನ್ನು. 1938ಕ್ಕಿಂತ ಮುಂಚಿನ ಎನ್‌ಫೀಲ್ಡಿನ ಹ್ಯಾಮರಿಗೆ ಹೆಬ್ಬೆರಳಿಟ್ಟು ಎಳೆಯುವ ಕೊಕ್ಕೆ ಇದೆ. ಆಮೇಲಿನ ಮಾದರಿಯಲ್ಲಿ ಅದು ಬೋಳು. ಟ್ಯಾಂಕಿನೊಳಗೆ ಕೂತವರಿಗೆ ಆ ಕೊಕ್ಕೆ ಅಲ್ಲಿಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತಂತೆ. ಕೊಕ್ಕೆ ಹೋದ ಮೇಲೆ ಪ್ರತಿ ಗುಂಡಿಗೂ ಟ್ರಿಗರನ್ನೇ ಪೂರ್ತಿ ಬಲ ಹಾಕಿ ಎಳೆಯಬೇಕು. ಗುರಿ ಕೆಡುವುದು ಅಲ್ಲೇ.

ಹಾಗಾದರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ .32 ಯಾಕೆ? ಕಾನೂನು. .38, .455, 9 ಎಂಎಂ ಇವೆಲ್ಲ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಅಳತೆಗಳು. ಹಾಗಾಗಿ ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ ವೆಬ್ಲಿ ಮಾರ್ಕ್ 4ರ ವಿನ್ಯಾಸವನ್ನೇ ಹಿಡಿದು .32ರಲ್ಲಿ ತಯಾರಿಸಿತು. 1980ರ ದಶಕದ ಮಧ್ಯದಲ್ಲಿ ಖಾಸಗಿಯವರಿಗೆ ವಿದೇಶಿ ಬಂದೂಕಿನ ಆಮದು ನಿಂತಿತು. ಆಗ ತಾತನಂಥವರ ಹಳೇ ವೆಬ್ಲಿಗೆ ಇದ್ದಕ್ಕಿದ್ದಂತೆ ಚಿನ್ನದ ಬೆಲೆ. ಅದು ಒಳ್ಳೇ ಆಯುಧ ಅಂತಲ್ಲ, ಹೊಸದು ಬರುವ ಹಾಗಿಲ್ಲ ಅಂತ. ಕಾನ್ಪುರದ್ದಕ್ಕೆ ಆ ಮರ್ಯಾದೆ ಇಲ್ಲ, 'ಸರ್ಕಾರಿ ಮಾಲು' ಅಂತ ಮೂಗು ಮುರಿಯುವವರೇ ಜಾಸ್ತಿ. ನನ್ನ ಪ್ರಕಾರ ಇದರಲ್ಲಿ ಅರ್ಧ ಸತ್ಯ, ಇನ್ನರ್ಧ ಬಿಳಿ ದೊರೆಯ ವ್ಯಾಮೋಹ. 1878ರ ಆಯುಧ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು ಅನ್ನೋದನ್ನು ನೆನಪಿಟ್ಟುಕೊಂಡರೆ, ಆ ವೆಬ್ಲಿ ಯಾರ ಸೊಂಟದಲ್ಲಿತ್ತು ಅಂತ ಗೊತ್ತಾಗುತ್ತದೆ.

ಮೂರನೇ ಅವತಾರ ಬಂದಿದ್ದು 2014ರ ಜನವರಿಯಲ್ಲಿ. ಹೆಸರು ನಿರ್ಭೀಕ್. 2012ರ ದೆಹಲಿ ಅತ್ಯಾಚಾರದ ನಂತರ 'ಮಹಿಳೆಯರಿಗಾಗಿ' ಅಂತ ಸರ್ಕಾರಿ ಕಾರ್ಖಾನೆಯೇ ಬಿಟ್ಟದ್ದು. ಟೈಟಾನಿಯಂ ಮಿಶ್ರಲೋಹ, 500 ಗ್ರಾಂ, ಒಡವೆ ಇಡುವಂಥ ಕಡುಗೆಂಪು ಡಬ್ಬಿ. ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಬಿಚ್ಚಿ ನೋಡಿ: ಅದೇ ಬಾಗುವ ನಳಿಗೆ, ಅದೇ ಆರು ಗುಂಡು. ತೋಟಾ ಕೂಡ ಅಮೆರಿಕದಲ್ಲಿ 1896ರಲ್ಲಿ ಹುಟ್ಟಿದ .32 ಲಾಂಗ್. ಬದಲಾಗಿದ್ದು ಲೋಹ, ತೂಕ ಮತ್ತು ಜಾಹೀರಾತು. ಹಿರಿಯೂರಿನಲ್ಲಿ ಕೊನೇ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹುಡುಗಿಗೆ ಇದು ಎಷ್ಟು ತಿಂಗಳ ಸಂಬಳ? ಲೈಸೆನ್ಸಿಗೆ ಅಲೆಯುವ ರಜೆ ಯಾರು ಕೊಡ್ತಾರೆ? ಒಬವ್ವನ ಊರಿನವನಾಗಿ ಹೇಳ್ತೀನಿ, ಒನಕೆಗಾದರೂ ಲೈಸೆನ್ಸ್ ಬೇಕಿರಲಿಲ್ಲ.

ಒಂದು ಅಡ್ಡ ಮಾತು. .32 ಅಂದ್ರೆ 7.65 ಎಂಎಂ ಅಂತಲೂ ಬರೀತಾರೆ, ಹಾಗಾಗಿ ಜನ ಗೊಂದಲ ಮಾಡಿಕೊಳ್ತಾರೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಇಬ್ಬರ ಮೇಲೂ ಹಾರಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲಿನ ಗುಂಡು ಅಂತ ವಿಧಿವಿಜ್ಞಾನ ವರದಿ ಹೇಳಿತು. ಅದು ಈ ರಿವಾಲ್ವರಿನ ಜಾತಿಯದ್ದಲ್ಲ, ತೋಟಾನೂ ಬೇರೆ. ಆ ಪಿಸ್ತೂಲಿಗೆ ಲೈಸೆನ್ಸೂ ಇಲ್ಲ, ಯಾವ ಠಾಣೆಯಲ್ಲೂ ಠೇವಣಿಯಿಲ್ಲ.

2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಆಯುಧ ಅಂದಿತು. ಮೊದಲು ಒಂದೇ ಅಂತಿತ್ತು, ಪಿತ್ರಾರ್ಜಿತದ ಮಾತೆತ್ತಿ ಗಲಾಟೆಯಾದ ಮೇಲೆ ಎರಡಾಯಿತು. ದೊಡ್ಡಪ್ಪನ ಹತ್ತಿರ ಇರೋದು ಒಂದೇ. ಯಾವತ್ತಾದ್ರೂ ಹಾರಿಸಿದ್ದೀರಾ ಅಂತ ದಾರಿಯಲ್ಲಿ ಕೇಳಿದೆ.

"ಎಲ್ಲೀದಪ್ಪ. ಗುಂಡು ಹಾರ್ಸಿದ್ದಕ್ಕಿಂತ ಸ್ಟೇಷನ್ನಿಗೆ ಹೊತ್ಕಂಡು ಬಂದಿರೋದೇ ಜಾಸ್ತಿ" ಅಂದು, ರಸೀದಿಯನ್ನು ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು.