‘ಐ7 ಗೇಮಿಂಗ್ ಪಿಸಿ, ಕೇವಲ 18 ಸಾವಿರ’: ಫಾರ್ವರ್ಡ್ ನಂಬಿ ದುಡ್ಡು ಕಟ್ಟುವ ಮುನ್ನ

ಬಣ್ಣಬಣ್ಣದ ದೀಪ ಹೊಳೆಯುವ ಗಾಜಿನ ಪೆಟ್ಟಿಗೆಯ ಫೋಟೋ. ಅದರ ಕೆಳಗೆ ದಪ್ಪಕ್ಷರದಲ್ಲಿ: ‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್. ಎಲ್ಲಾ ಗೇಮ್ ಆಡಬಹುದು. ಇಂದೇ ಬುಕ್ ಮಾಡಿ.’ ಇಂಥ ಮೆಸೇಜ್ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಪರೀಕ್ಷೆ ಮುಗಿಸಿದ ಮಗನೋ ಮಗಳೋ ಅದನ್ನು ಅಪ್ಪನಿಗೆ ಕಳಿಸಿ, ‘ಅಂಗಡಿಯಲ್ಲಿ ಇದಕ್ಕೆ ಮೂರು ಪಟ್ಟು ಹೇಳ್ತಾರೆ’ ಎಂದು ಕಾಯುತ್ತಿರುವುದೂ ಉಂಟು.

ವಿಚಿತ್ರವೆಂದರೆ, ಈ ಜಾಹೀರಾತಿನಲ್ಲಿ ಒಂದೇ ಒಂದು ಸುಳ್ಳೂ ಇಲ್ಲದೆ ಇರಬಹುದು. ಐ7 ನಿಜ, 16 ಜಿಬಿ ನಿಜ, 4 ಜಿಬಿಯೂ ನಿಜ. ಆದರೂ ಆ ಪಿಸಿಯಲ್ಲಿ ಈಗಿನ ಹಲವು ಆಟಗಳು ಶುರುವಾಗುವುದೇ ಇಲ್ಲ. ಮೋಸ ಇರುವುದು ಬರೆದ ಅಂಕಿಗಳಲ್ಲಲ್ಲ, ಬರೆಯದೆ ಬಿಟ್ಟ ಎರಡು ಮಾತುಗಳಲ್ಲಿ: ಪ್ರೊಸೆಸರ್ ಯಾವ ತಲೆಮಾರಿನದು, ಗ್ರಾಫಿಕ್ಸ್ ಕಾರ್ಡಿನ ಹೆಸರೇನು?

ಐ7 ಎಂದರೆ ಯಾವ ಐ7?

ಐ7 ಎಂಬ ಹೆಸರನ್ನು ಇಂಟೆಲ್ ಕಂಪನಿ ಬಳಸಲು ಶುರುಮಾಡಿದ್ದು 2008ರಲ್ಲಿ. ಅಲ್ಲಿಂದ ಈಚೆಗೆ ಹತ್ತಾರು ಬೇರೆ ಬೇರೆ ಪ್ರೊಸೆಸರ್‌ಗಳು ಇದೇ ಹೆಸರಿನಲ್ಲಿ ಬಂದಿವೆ. ಬಸ್ಸಿನ ಮೇಲೆ ‘ರಾಜಹಂಸ’ ಎಂದು ಬರೆದಿದ್ದರೆ ಅದು ಹೊಸ ಬಸ್ಸೋ ಹದಿನೈದು ವರ್ಷ ಓಡಿದ ಬಸ್ಸೋ ಎಂದು ಆ ಹೆಸರಿನಿಂದ ತಿಳಿಯುವುದಿಲ್ಲವಲ್ಲ, ಇದೂ ಹಾಗೆಯೇ.

ತಲೆಮಾರು ತಿಳಿಯಬೇಕಾದರೆ ಐ7 ಪಕ್ಕದ ಅಂಕಿ ನೋಡಬೇಕು. ಐ7-2600 ಎಂದಿದ್ದರೆ ಎರಡನೇ ತಲೆಮಾರು, ಐ7-3770 ಮೂರನೆಯದು. ಅಂಕಿ ಐದಿದ್ದರೆ ಮೊದಲ ಎರಡನ್ನು ನೋಡಿ: ಐ3-12100 ಹನ್ನೆರಡನೇ ತಲೆಮಾರಿನದು. ಅಗ್ಗದ ‘ಐ7 ಗೇಮಿಂಗ್ ಪಿಸಿ’ಗಳಲ್ಲಿ ಸಾಮಾನ್ಯವಾಗಿ ಕೂತಿರುವುದು 2011ರ ಐ7-2600 ಅಥವಾ 2012ರ ಐ7-3770. ಕಚೇರಿಗಳು ಹೊರಹಾಕಿದ ಕಂಪ್ಯೂಟರ್‌ಗಳಿಂದ ಬಿಚ್ಚಿದ ಈ ಚಿಪ್‌ಗಳಿಗೆ ಹೊಸ ಮದರ್‌ಬೋರ್ಡ್, ಹೊಸ ಪೆಟ್ಟಿಗೆ ಕೊಟ್ಟು ಕೂರಿಸಲಾಗಿರುತ್ತದೆ.

2022ರಲ್ಲಿ ಬಂದ ಐ3-12100ಕ್ಕೂ ಆ ಹಳೆಯ ಐ7-2600ಕ್ಕೂ ಇರುವುದು ಅಷ್ಟೇ ಕೋರ್: ನಾಲ್ಕು ಕೋರ್, ಎಂಟು ಥ್ರೆಡ್. ಆದರೆ ಆಟದಲ್ಲಿ ಐ3 ಬಹಳ ಮುಂದೆ, ಏಕೆಂದರೆ ಅದರ ಒಂದೊಂದು ಕೋರೂ ಅಷ್ಟೇ ಸಮಯದಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ವೇಗದ ಮಾತು ಬಿಡಿ, ಬಾಗಿಲೇ ತೆರೆಯದ ತೊಂದರೆಗಳೂ ಇವೆ. ಕೆಲವು ಹೊಸ ಆಟಗಳಿಗೆ ‘ಎವಿಎಕ್ಸ್2’ ಎಂಬ ಸೌಲಭ್ಯ ಪ್ರೊಸೆಸರಿನೊಳಗೇ ಇರಬೇಕು. ಇಂಟೆಲ್‌ನ ಎರಡನೇ ಮತ್ತು ಮೂರನೇ ತಲೆಮಾರಿನಲ್ಲಿ ಅದಿಲ್ಲ, ಯಾವ ಅಪ್‌ಡೇಟ್ ಹಾಕಿದರೂ ಬರುವುದಿಲ್ಲ. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಗೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಅಕ್ಟೋಬರ್ 14, 2025ರಂದು ಮುಗಿದಿದೆ. ಹೇಗೋ ಮಾಡಿ ವಿಂಡೋಸ್ 11 ಹಾಕಿಕೊಟ್ಟರೂ ವ್ಯಾಲರಂಟ್ ಆಟ ಅದರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಕೇಳುತ್ತದೆ. ಅವಿಲ್ಲದಿದ್ದರೆ ಆಟ ತೆರೆಯುವುದಿಲ್ಲ.

‘4 ಜಿಬಿ ಗ್ರಾಫಿಕ್ಸ್’ ಎಂಬ ಮಾತಿನ ಬೆಲೆ

ದೊಡ್ಡ ಏಮಾರಿಕೆ ಇರುವುದು ಇಲ್ಲಿ. ಪರದೆಯ ಮೇಲೆ ಆಟದ ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಚಿಪ್ಪಿನ ಕೆಲಸ. ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಎಂಬುದೇ ‘ಎಫ್‌ಪಿಎಸ್’. ಜಾಹೀರಾತಿನ 4 ಜಿಬಿ ಎಂಬುದು ಆ ಚಿಪ್ಪಿನ ಪಕ್ಕದ ಮೆಮೊರಿಯ ಅಳತೆಯೇ ಹೊರತು ಚಿಪ್ಪಿನ ಶಕ್ತಿಯದಲ್ಲ. ಅಡುಗೆಕಟ್ಟೆ ಎಷ್ಟೇ ಉದ್ದವಿರಲಿ, ಒಲೆ ಸಣ್ಣದಿದ್ದರೆ ನೂರು ಜನಕ್ಕೆ ಅನ್ನ ಬೇಯುವುದಿಲ್ಲ.

ಅಗ್ಗದ ಪಿಸಿಗಳಲ್ಲಿ ಹೆಚ್ಚಾಗಿ ಕಾಣುವುದು ಎನ್‌ವಿಡಿಯಾದ ಜಿಟಿ 730 ಅಥವಾ ಜಿಟಿ 710. ಎರಡೂ 2014ರ ಕಾರ್ಡುಗಳು, ಅವುಗಳೊಳಗಿನ ‘ಕೆಪ್ಲರ್’ ಚಿಪ್ ಇನ್ನೂ ಹಳೆಯದು. ಈ ತಲೆಮಾರಿನ ಕಾರ್ಡುಗಳಿಗೆ ಹೊಸ ಆಟಗಳಿಗೆ ಬೇಕಾದ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2021ರಲ್ಲೇ ನಿಲ್ಲಿಸಿದೆ.

ಒಂದು ಲೆಕ್ಕ ನೋಡಿ. ಡಿಡಿಆರ್3 ಮೆಮೊರಿಯ 64 ಬಿಟ್ ಜಿಟಿ 730 ಕಾರ್ಡಿನಲ್ಲಿ ಚಿಪ್ಪಿಗೂ ಮೆಮೊರಿಗೂ ನಡುವೆ ಸೆಕೆಂಡಿಗೆ ಸುಮಾರು 14 ಗಿಗಾಬೈಟ್ ಮಾಹಿತಿ ಓಡಾಡಬಲ್ಲದು. ಯಾವ ಗ್ರಾಫಿಕ್ಸ್ ಕಾರ್ಡೂ ಇಲ್ಲದ ಪಿಸಿಯಲ್ಲಿ 3200 ವೇಗದ ಡಿಡಿಆರ್4 ರ‍್ಯಾಮ್ ಕಡ್ಡಿ ಎರಡು ಹಾಕಿದರೆ ಸಿಗುವುದು ಸುಮಾರು 51 ಗಿಗಾಬೈಟ್. ಬಜೆಟ್ ಕಾರ್ಡ್ ಎನಿಸಿಕೊಂಡ ಎಎಂಡಿಯ ಆರ್‌ಎಕ್ಸ್ 6600ರಲ್ಲಿ 224. ಹಾಗಾಗಿ ಇಂಥ ಕಾರ್ಡ್ ‘ಹೆಚ್ಚುವರಿಯಾಗಿ’ ಇದೆ ಎಂದು ಖುಷಿಪಡುವಂತಿಲ್ಲ. ಒಳ್ಳೆಯ ಪ್ರೊಸೆಸರಿನೊಳಗೆ ಪುಕ್ಕಟೆ ಬರುವ ಗ್ರಾಫಿಕ್ಸೇ ಇದಕ್ಕಿಂತ ವಾಸಿ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು?

ಭಾಗಗಳ ಪಟ್ಟಿ ಮಾಡುವ ಮೊದಲು ಆಡುವ ಆಟಗಳ ಪಟ್ಟಿ ಮಾಡಿ. ಬಿಜಿಎಂಐ ಮೊಬೈಲಿಗೆಂದೇ ಮಾಡಿದ ಆಟ, ಅದೊಂದಕ್ಕಾಗಿ ಪಿಸಿ ಕೊಳ್ಳುವುದು ಬೇಡ. ವ್ಯಾಲರಂಟ್, ಮೈನ್‌ಕ್ರಾಫ್ಟ್, 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಇಷ್ಟೇ ಸಾಕು ಎಂದಾದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೂ ಶುರುಮಾಡಬಹುದು. ಎಎಂಡಿಯ ರೈಜನ್ 5 5600ಜಿ ಪ್ರೊಸೆಸರಿನೊಳಗೆ ಸಾಕಷ್ಟು ಗಟ್ಟಿಯಾದ ಗ್ರಾಫಿಕ್ಸ್ ಇದೆ. ಸೆಟ್ಟಿಂಗ್ ಕಡಿಮೆ ಇಟ್ಟುಕೊಂಡರೆ ಈ ಆಟಗಳು ಸಲೀಸಾಗಿ ನಡೆಯುತ್ತವೆ. ಆರು ತಿಂಗಳೋ ವರ್ಷವೋ ಬಿಟ್ಟು ದುಡ್ಡು ಕೂಡಿದಾಗ ಕಾರ್ಡ್ ಸೇರಿಸಬಹುದು. ಹದಿನೆಂಟು ಸಾವಿರದ ಜಾಹೀರಾತಿಗೆ ನಿಜವಾದ ಉತ್ತರ ಇದು. ಬೆಲೆ ಅದಕ್ಕಿಂತ ಹೆಚ್ಚಾಗುತ್ತದೆ ನಿಜ, ಆದರೆ ಮುಂದಿನ ವರ್ಷ ಗುಜರಿಗೆ ಹೋಗುವುದಿಲ್ಲ.

ಈ ದಾರಿ ಹಿಡಿದರೆ ಒಂದು ಷರತ್ತು: 16 ಜಿಬಿಯ ಒಂದು ಕಡ್ಡಿಯ ಬದಲು 8 ಜಿಬಿಯ ಎರಡು ಕಡ್ಡಿ ಹಾಕಿಸಿ. ಒಳಗಿನ ಗ್ರಾಫಿಕ್ಸ್ ಬಳಸುವುದು ಇದೇ ರ‍್ಯಾಮನ್ನು. ಎರಡು ಕಡ್ಡಿ ಎಂದರೆ ಎರಡು ಸಾಲಿನ ರಸ್ತೆ, ಎಫ್‌ಪಿಎಸ್ ಕಣ್ಣಿಗೆ ಕಾಣುವಷ್ಟು ಏರುತ್ತದೆ.

ದೊಡ್ಡ ಆಟಗಳೇ ಬೇಕೆಂದರೆ ಕಾರ್ಡ್ ಅನಿವಾರ್ಯ. ಮಾನಿಟರ್ ಬಿಟ್ಟು ಉಳಿದ ಬಜೆಟ್ಟಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚನ್ನೇ ಅದಕ್ಕೆ ಎತ್ತಿಡಿ ಎನ್ನುವುದು ನನ್ನ ಸಲಹೆ. ಸಾಮಾನ್ಯ 1080ಪಿ ಮಾನಿಟರಿಗೆ ಆರ್‌ಎಕ್ಸ್ 6600 ದರ್ಜೆಯ, 8 ಜಿಬಿಯ ಕಾರ್ಡ್ ಸಾಕು. ಇಲ್ಲೂ ಹೆಸರು ನೋಡಿ ಮೋಸಹೋಗುವುದಿದೆ. ‘ಆರ್‌ಟಿಎಕ್ಸ್’ ಎಂಬ ಅಕ್ಷರಕ್ಕಾಗಿ ಆರ್‌ಟಿಎಕ್ಸ್ 3050 ಕೊಳ್ಳುವವರು ಬಹಳ, ಆದರೆ ಹೆಚ್ಚಿನ ಆಟಗಳಲ್ಲಿ ಆರ್‌ಎಕ್ಸ್ 6600 ಅದಕ್ಕಿಂತ ವೇಗದ್ದು. ಆ 3050ರಲ್ಲೂ ಎರಡು ಬಗೆ: 2022ರ 8 ಜಿಬಿ, 2024ರ 6 ಜಿಬಿ. ಎರಡನೆಯದರಲ್ಲಿ ಕಡಿಮೆ ಇರುವುದು ಮೆಮೊರಿಯೊಂದೇ ಅಲ್ಲ, ಚಿಪ್ಪಿನ ಶಕ್ತಿಯೂ ಕಡಿಮೆ.

ಕಾರ್ಡಿನ ಜೊತೆಗೆ ಐ5-12400ಎಫ್ ಅಥವಾ ರೈಜನ್ 5 5600 ಇದ್ದರೆ ಜೋಡಿ ಸರಿಹೋಗುತ್ತದೆ. ಕೊನೆಯ ‘ಎಫ್’ ಅಕ್ಷರ ಗಮನಿಸಿ: ಅದರೊಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ‘ಜಿ’ ಇಲ್ಲದ ರೈಜನ್ 5600ರಲ್ಲೂ ಇಲ್ಲ. ‘ಕಾರ್ಡ್ ಆಮೇಲೆ ಹಾಕೋಣ’ ಎಂದು ಇವನ್ನು ಕೊಂಡರೆ ಪರದೆ ಕಪ್ಪಾಗಿಯೇ ಇರುತ್ತದೆ.

ಉಳಿದದ್ದು ಬೇಗ ಹೇಳಿಬಿಡಬಹುದು. ರ‍್ಯಾಮ್ 16 ಜಿಬಿ ಸಾಕು. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಅದರ ಬೆಲೆ ಜಿಗಿದಿದ್ದರಿಂದ 32ರ ಆಸೆ ಸದ್ಯಕ್ಕೆ ಬಿಡಿ. ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಆದ್ದರಿಂದ ಬೋರ್ಡ್ ಯಾವುದನ್ನು ಕೇಳುತ್ತದೋ ನೋಡಿಕೊಳ್ಳಿ. ಎಸ್‌ಎಸ್‌ಡಿ ಖಂಡಿತ ಬೇಕು, ಆಟ ಬೇಗ ತೆರೆಯುತ್ತದೆ. ಎಫ್‌ಪಿಎಸ್ ಮಾತ್ರ ಅದರಿಂದ ಹೆಚ್ಚುವುದಿಲ್ಲ. ಬಣ್ಣದ ದೀಪಗಳಿಂದಂತೂ ಏನೂ ಹೆಚ್ಚುವುದಿಲ್ಲ.

ಯಾರೂ ಕೇಳದ ಎಸ್‌ಎಂಪಿಎಸ್

ಬಜೆಟ್ ಮೀರಿದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಎಸ್‌ಎಂಪಿಎಸ್‌ಗೆ, ಅಂದರೆ ಗೋಡೆಯ ಕರೆಂಟನ್ನು ಭಾಗಗಳಿಗೆ ಬೇಕಾದಂತೆ ಬದಲಿಸಿಕೊಡುವ ಡಬ್ಬಕ್ಕೆ. ಕ್ಯಾಬಿನೆಟ್ ಜೊತೆಗೇ ಬರುವುದನ್ನು ಇಟ್ಟುಕೊಂಡರಾಯಿತು ಎನ್ನುತ್ತಾರೆ. ಬೇರೆ ಯಾವುದು ಕೆಟ್ಟರೂ ಅದೊಂದೇ ಕೆಡುವುದು ಹೆಚ್ಚು. ಇದು ಕೆಟ್ಟರೆ ಪಕ್ಕದ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ಡಬ್ಬದ ಮೇಲೆ ದೊಡ್ಡದಾಗಿ ‘450 ವ್ಯಾಟ್’ ಎಂದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಬದಿಯ ಚೀಟಿಯಲ್ಲಿ +12 ವೋಲ್ಟ್ ಎಂಬ ಸಾಲು ಹುಡುಕಿ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಶಕ್ತಿ ಪಡೆಯುವುದು ಮುಖ್ಯವಾಗಿ ಅಲ್ಲಿಂದಲೇ. ಅಲ್ಲಿ 16 ಆಂಪಿಯರ್ ಎಂದಿದ್ದರೆ 12ನ್ನು 16ರಿಂದ ಗುಣಿಸಿ: 192 ವ್ಯಾಟ್. ಕೆಲಸಕ್ಕೆ ಬರುವುದು ಅಷ್ಟೇ. ಆರ್‌ಎಕ್ಸ್ 6600 ಒಂದೇ 132 ವ್ಯಾಟ್ ಕೇಳುತ್ತದೆ, 12400ಎಫ್ ಪೂರ್ತಿ ದುಡಿಯುವಾಗ 117. ಎರಡೂ ಸೇರಿದರೆ 249. ಆಟ ಜೋರಾದ ಹೊತ್ತಿಗೆ ಪಿಸಿ ತಟ್ಟನೆ ಆಫ್ ಆಗುವುದರ ಹಿಂದೆ ಎಷ್ಟೋ ಸಲ ಇರುವುದು ಇಂಥ ಲೆಕ್ಕವೇ. ಹಾಗಂತ 750 ವ್ಯಾಟ್ ಕೂಡ ಬೇಡ. ಹೆಸರಿರುವ ಕಂಪನಿಯ, 12 ವೋಲ್ಟಿನ ಸಾಲು ಗಟ್ಟಿಯಾಗಿರುವ 450–550 ವ್ಯಾಟ್ ಈ ಜೋಡಿಗೆ ಧಾರಾಳ. ‘80 ಪ್ಲಸ್ ಬ್ರಾಂಜ್’ ಎಂಬ ಗುರುತು ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಎಂಬುದಕ್ಕೆ ಮಾತ್ರ. ಅದೇ ಸುರಕ್ಷತೆಯ ಪ್ರಮಾಣಪತ್ರವಲ್ಲ. ಎಷ್ಟು ವರ್ಷದ ವಾರಂಟಿ ಇದೆ ಎಂಬುದನ್ನೂ ಕೇಳಿ.

ಇನ್ನೊಂದು ಮಾತು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಅದು ‘ಕಂಪ್ಯೂಟರಿನ ಸ್ವಭಾವ’ ಅಲ್ಲ. ಆ ಪ್ಲಗ್ಗಿಗೆ ಅರ್ಥಿಂಗ್ ಸರಿಯಿಲ್ಲದಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಆಟ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಮನೆಯ 600 ವಿಎ ಯುಪಿಎಸ್ ಕೂಡ 600 ವ್ಯಾಟ್ ಕೊಡುವುದಿಲ್ಲ, ಸಾಮಾನ್ಯವಾಗಿ ಅದರ ಮಿತಿ 360 ವ್ಯಾಟ್. ಅದು ಆಟ ಸೇವ್ ಮಾಡಿ ಪಿಸಿ ಮುಚ್ಚುವುದಕ್ಕೆ ಮಾತ್ರ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದೇ?

ತಗೊಳ್ಳಬಹುದು, ಕಣ್ಣೆದುರು ಓಡಿಸಿ ನೋಡುವುದಾದರೆ. ಸೆಪ್ಟೆಂಬರ್ 2022ರಲ್ಲಿ ಇಥೀರಿಯಂ ಕ್ರಿಪ್ಟೊಗೆ ಗ್ರಾಫಿಕ್ಸ್ ಕಾರ್ಡಿನ ಗಣಿಗಾರಿಕೆ ನಿಂತ ಮೇಲೆ ರಾತ್ರಿಹಗಲು ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅವೆಲ್ಲ ಹಾಳಾದವೇನಲ್ಲ, ಆದರೆ ಫ್ಯಾನ್ ಸವೆದಿರಬಹುದು, ಬಿಲ್ ಇರುವುದಿಲ್ಲ. ಇದಕ್ಕಿಂತ ಕೆಟ್ಟದ್ದು ನಕಲಿ: ಹಳೆಯ ಕಾರ್ಡಿನ ಸಾಫ್ಟ್‌ವೇರ್ ತಿದ್ದಿ ‘ಜಿಟಿಎಕ್ಸ್ 1050 ಟಿಐ’ ಎಂದು ವಿಂಡೋಸಿಗೇ ಸುಳ್ಳು ಹೇಳುವಂತೆ ಮಾಡಿರುತ್ತಾರೆ. ‘ಜಿಪಿಯು-ಝಡ್’ ಎಂಬ ಉಚಿತ ತಂತ್ರಾಂಶ 2018ರಿಂದ ಇಂಥ ಎನ್‌ವಿಡಿಯಾ ಕಾರ್ಡುಗಳನ್ನು ಹಿಡಿದು, ಹೆಸರಿನ ಪಕ್ಕ ‘ಫೇಕ್’ ಎಂದು ತೋರಿಸುತ್ತದೆ. ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡೇ ಹೋಗಿ.

ಹೊಸದಾದರೆ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಮೂರು ಅಂಗಡಿ ಸುತ್ತಿ, ಪ್ರತಿ ಭಾಗದ ಪೂರ್ತಿ ಮಾದರಿ ಸಂಖ್ಯೆ ಬರೆದ ಕೊಟೇಶನ್ ಕೇಳಿ. ‘16 ಜಿಬಿ ರ‍್ಯಾಮ್, 500 ವ್ಯಾಟ್ ಎಸ್‌ಎಂಪಿಎಸ್’ ಎಂದಷ್ಟೇ ಬರೆದ ಚೀಟಿ ಕೊಟೇಶನ್ ಅಲ್ಲ. ಬಿಲ್ ಇಲ್ಲದೆ ಕೊಂಡರೆ 18% ಜಿಎಸ್‌ಟಿ ಉಳಿಯಿತು ಎನಿಸುತ್ತದೆ. ನಾಳೆ ಕಾರ್ಡ್ ಸತ್ತರೆ ವಾರಂಟಿಗೆ ಹೋಗಲು ಕೈಯಲ್ಲಿ ಏನೂ ಇರುವುದಿಲ್ಲ.

ಪಿಸಿ ಮನೆಗೆ ಬಂದ ದಿನ ಮಾಡುವ ಕೆಲಸ ಮೂರೇ. ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿನ ಕಿಂಡಿಗಲ್ಲ, ಕೆಳಗಿರುವ ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೆ ಹಾಕಿ. ಬಯೋಸ್‌ಗೆ ಹೋಗಿ ‘ಎಕ್ಸ್‌ಎಂಪಿ’ ಅಥವಾ ‘ಎಕ್ಸ್‌ಪೋ’ ಆನ್ ಮಾಡಿ, ಇಲ್ಲವಾದರೆ 3200 ವೇಗದ ರ‍್ಯಾಮ್ 2133ರಲ್ಲೋ 2400ರಲ್ಲೋ ತೆವಳುತ್ತಿರಬಹುದು. ಮಾನಿಟರ್ 144 ಹರ್ಟ್ಸ್‌ನದಾದರೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಆ ಅಂಕಿಯನ್ನು ನೀವೇ ಆರಿಸಬೇಕಾಗಬಹುದು. 60ಕ್ಕೇ ಬಿಟ್ಟುಕೊಂಡು ವರ್ಷಗಟ್ಟಲೆ ಆಡಿದವರಿದ್ದಾರೆ.