ವಯಸ್ಸಾದ ಸಾಕು ಗಿಳಿಗಳಲ್ಲಿ ಮರುಕಳಿಸುವ ಶ್ವಾಸಕೋಶದ ಸೋಂಕು: ಪಾಲಕರಿಗೆ ಮಾಹಿತಿ

ಆಫ್ರಿಕದ ಬೂದು ಗಿಳಿಯು ಉತ್ತಮ ಆರೈಕೆಯಲ್ಲಿ 40 ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ವಯಸ್ಸಾದಂತೆ ಇಂತಹ ಗಿಳಿಗಳಲ್ಲಿ ಮೂಗು ಸೋರುವುದು, ಉಬ್ಬಸ ಮುಂತಾದ ತೊಂದರೆಗಳು ಗುಣವಾದಂತೆ ಕಂಡು ಪುನಃ ಕಾಣಿಸಿಕೊಳ್ಳುವುದುಂಟು. ಸೋಂಕು ಮರುಕಳಿಸುತ್ತಿದ್ದಲ್ಲಿ ಅದರ ಮೂಲ ಕಾರಣವು ನಿವಾರಣೆಯಾಗಿಲ್ಲವೆಂದು ತಿಳಿಯತಕ್ಕದ್ದು.

1. ಉಸಿರಾಟದ ವಿಶೇಷತೆ

ಪಕ್ಷಿಗಳಿಗೆ ವಪೆ ಇರುವುದಿಲ್ಲ. ಎದೆಮೂಳೆಯ ಚಲನೆಯಿಂದ ವಾಯುಚೀಲಗಳು ಹಿಗ್ಗಿ ಕುಗ್ಗಿ ಉಸಿರಾಟ ನಡೆಯುತ್ತದೆ. ಆದುದರಿಂದ ಔಷಧ ಕೊಡುವಾಗ ಗಿಳಿಯ ಎದೆಯನ್ನು ಬಿಗಿಯಾಗಿ ಹಿಡಿಯಬಾರದು. ಹಿಡಿದಲ್ಲಿ ಉಸಿರುಗಟ್ಟುವ ಅಪಾಯವಿದೆ. ವಾಯುಚೀಲಗಳಲ್ಲಿ ರಕ್ತಸಂಚಾರ ಕಡಿಮೆಯಿರುವ ಕಾರಣ ಔಷಧವು ಅಲ್ಲಿಗೆ ತಲುಪುವುದು ನಿಧಾನ.

2. ಮರುಕಳಿಸಲು ಮುಖ್ಯ ಕಾರಣಗಳು

ಅ) ಎ ಜೀವಸತ್ವದ ಕೊರತೆ: ಕೇವಲ ಸೂರ್ಯಕಾಂತಿ ಬೀಜ, ಕಡಲೆಕಾಯಿ ತಿಂದು ಬೆಳೆದ ಗಿಳಿಗಳಲ್ಲಿ ಇದು ಸಾಮಾನ್ಯ. ಮೂಗು ಹಾಗೂ ಗಂಟಲಿನ ಒಳಪದರವು ಒರಟಾಗಿ ರೋಗಾಣುಗಳಿಗೆ ಎಡೆಯಾಗುತ್ತದೆ.

ಆ) ಶಿಲೀಂಧ್ರ ಸೋಂಕು: ಬೂಷ್ಟು ಹಿಡಿದ ಕಾಳು, ಒದ್ದೆಯಾದ ಪಂಜರದ ತಳ ಇವುಗಳಿಂದ ಆಸ್ಪರ್ಜಿಲ್ಲೋಸಿಸ್ ಬರುತ್ತದೆ. ಇದಕ್ಕೆ ಬ್ಯಾಕ್ಟೀರಿಯಾ ನಾಶಕ ಔಷಧಗಳಿಂದ ಪ್ರಯೋಜನವಿಲ್ಲ.

ಇ) ಗಿಳಿಜ್ವರ: ಕ್ಲಮೈಡಿಯಾ ಸಿಟ್ಟಾಸಿ ಎಂಬ ಬ್ಯಾಕ್ಟೀರಿಯಾದಿಂದ ಉಂಟಾಗುತ್ತದೆ, ಮನುಷ್ಯರಿಗೂ ಹರಡುತ್ತದೆ.

ಈ) ಹೊಗೆ: ಊದುಬತ್ತಿ, ಸೊಳ್ಳೆಬತ್ತಿ, ಸಿಗರೇಟು ಹಾಗೂ ಒಗ್ಗರಣೆಯ ಹೊಗೆ ಶ್ವಾಸನಾಳವನ್ನು ಕೆರಳಿಸುತ್ತವೆ. ನಾನ್‌ಸ್ಟಿಕ್ ಪಾತ್ರೆಯು ಅತಿಯಾಗಿ ಕಾದಾಗ ಹೊರಡುವ ಅನಿಲವು ಗಿಳಿಗೆ ಕೆಲವೇ ನಿಮಿಷಗಳಲ್ಲಿ ಮಾರಕವಾಗಬಹುದು.

3. ತಕ್ಷಣ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು

ಗಿಳಿಯು ತನ್ನ ಅನಾರೋಗ್ಯವನ್ನು ಮರೆಮಾಚುತ್ತದೆ. ಕೊಕ್ಕು ತೆರೆದು ಉಸಿರಾಡುವುದು, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುವುದು, ಧ್ವನಿ ಬದಲಾಗುವುದು ಅಥವಾ ಮಾತು ನಿಲ್ಲುವುದು, ಗರಿ ಕೆದರಿಕೊಂಡು ಪಂಜರದ ತಳದಲ್ಲಿ ಕುಳಿತಿರುವುದು ಇವು ತುರ್ತು ಲಕ್ಷಣಗಳಾಗಿರುತ್ತವೆ. ವಾರಕ್ಕೊಮ್ಮೆ ಅದೇ ಹೊತ್ತಿನಲ್ಲಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ಮಾಡಿ ಬರೆದಿಡಬೇಕು. 450 ಗ್ರಾಂ ತೂಕದ ಗಿಳಿಯು 45 ಗ್ರಾಂ ಕಳೆದುಕೊಂಡರೆ ಅದು ಗಂಭೀರ ಇಳಿಕೆ.

4. ಪರೀಕ್ಷೆ ಮತ್ತು ಚಿಕಿತ್ಸೆ

ಪಕ್ಷಿ ಚಿಕಿತ್ಸೆಯಲ್ಲಿ ಅನುಭವವುಳ್ಳ ಪಶುವೈದ್ಯರನ್ನು ಸಂಪರ್ಕಿಸತಕ್ಕದ್ದು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದ್ದು, ಸ್ಥಳೀಯ ವೈದ್ಯರು ಹೆಚ್ಚಿನ ಸಲಹೆಯ ಅಗತ್ಯ ಕಂಡಲ್ಲಿ ಇಂತಹ ಸಂಸ್ಥೆಗೆ ಕಳುಹಿಸಿಕೊಡಬಹುದು. ಗಿಳಿಯನ್ನು ಬಟ್ಟೆ ಹೊದಿಸಿದ ಚಿಕ್ಕ ಪಂಜರದಲ್ಲಿ ಒಯ್ಯಬೇಕು. ಈ ಹಿಂದಿನ ಔಷಧ ಚೀಟಿಗಳು, ತೂಕದ ಪಟ್ಟಿ ಹಾಗೂ ಅದೇ ದಿನದ ಹಿಕ್ಕೆಯನ್ನು ಕೊಂಡೊಯ್ದಲ್ಲಿ ರೋಗ ಪತ್ತೆಗೆ ಅನುಕೂಲ. ರಕ್ತ ಪರೀಕ್ಷೆ, ಕ್ಷಕಿರಣ ಹಾಗೂ ಮೂಗಿನ ಸ್ರಾವದ ಕಲ್ಚರ್ ಪರೀಕ್ಷೆ ಬೇಕಾಗಬಹುದು.

ಗಿಳಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಔಷಧವನ್ನು ಸಾಮಾನ್ಯವಾಗಿ 45 ದಿನ ನೀಡಲಾಗುತ್ತದೆ. ಸುಣ್ಣಾಂಶವು ಈ ಔಷಧದ ಹೀರಿಕೆಗೆ ಅಡ್ಡಿಯಾಗುವುದರಿಂದ ಆ ಅವಧಿಯ ಆಹಾರದ ಬಗ್ಗೆ ವೈದ್ಯರನ್ನು ಕೇಳಬೇಕು. ಶಿಲೀಂಧ್ರ ಸೋಂಕಿಗೆ ಹಲವು ತಿಂಗಳ ಚಿಕಿತ್ಸೆ ಅಗತ್ಯ. ಇದಕ್ಕೆ ಬಳಸುವ ಇಟ್ರಕೊನಜೋಲ್ ಔಷಧವು ಬೂದು ಗಿಳಿಗಳಿಗೆ ಸುಲಭವಾಗಿ ಒಗ್ಗುವುದಿಲ್ಲ. ಔಷಧದ ಅಂಗಡಿಯಿಂದ ಸ್ವತಃ ಔಷಧ ಖರೀದಿಸಿ ನೀಡುವುದು, ಲಕ್ಷಣ ಕಡಿಮೆಯಾದೊಡನೆ ಅರ್ಧಕ್ಕೆ ನಿಲ್ಲಿಸುವುದು ಎರಡೂ ಹಾನಿಕರ.

5. ಮನೆಯಲ್ಲಿ ಆರೈಕೆ

- ಅನಾರೋಗ್ಯದ ಸಮಯದಲ್ಲಿ ಪಂಜರದ ಒಂದು ಬದಿಯನ್ನು ಸುಮಾರು 29 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಿಸಿ, ಸೆಖೆಯೆನಿಸಿದಾಗ ಸರಿದು ಕುಳಿತುಕೊಳ್ಳಲು ಇನ್ನೊಂದು ಬದಿಯನ್ನು ಹಾಗೆಯೇ ಬಿಡಬೇಕು.
- ಕ್ಯಾರೆಟ್, ಸಿಹಿಗೆಣಸು, ಸಿಹಿಗುಂಬಳ, ಪರಂಗಿಹಣ್ಣು, ನುಗ್ಗೆಸೊಪ್ಪು ಇವುಗಳನ್ನು ಕ್ರಮೇಣ ರೂಢಿ ಮಾಡಿಸಬೇಕು. ಎ ಜೀವಸತ್ವದ ಔಷಧವನ್ನು ವೈದ್ಯರ ಸಲಹೆಯಿಲ್ಲದೆ ನೀಡಬಾರದು, ಅಧಿಕವಾದಲ್ಲಿ ವಿಷವಾಗುತ್ತದೆ.
- ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ ಕೊಡಬಾರದು.
- ಪಂಜರದ ತಳದ ಕಾಗದವನ್ನು ಪ್ರತಿದಿನ ಬದಲಿಸಬೇಕು.
- ಕೀಲುನೋವು, ಕಣ್ಣಿನ ಪೊರೆ ಇರುವ ಗಿಳಿಗೆ ಕೂರುವ ಕೋಲುಗಳನ್ನು ತಗ್ಗಿನಲ್ಲಿ ಕಟ್ಟಿ, ನೀರು ಮತ್ತು ಆಹಾರವನ್ನು ಸಮೀಪದಲ್ಲಿ, ಸದಾ ಒಂದೇ ಜಾಗದಲ್ಲಿ ಇಡಬೇಕು.

6. ಮನೆಯವರ ಆರೋಗ್ಯ

ಒಣಗಿದ ಹಿಕ್ಕೆಯನ್ನು ಗುಡಿಸದೆ ನೀರು ಚಿಮುಕಿಸಿ, ಮುಖಗವಸು ಧರಿಸಿ ತೆಗೆಯಬೇಕು. ಮನೆಯಲ್ಲಿ ಯಾರಿಗಾದರೂ ಜ್ವರ, ತಲೆನೋವು, ಒಣ ಕೆಮ್ಮು ಬಂದಲ್ಲಿ ಗಿಳಿ ಸಾಕಿರುವ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು. ಗರ್ಭಿಣಿಯರು ರೋಗಗ್ರಸ್ತ ಗಿಳಿಯ ಆರೈಕೆಯಿಂದ ದೂರವಿರುವುದು ಒಳಿತು.

7. ಕಾನೂನಿನ ಅಗತ್ಯಗಳು

ನಮ್ಮ ದೇಶದ ಕಾಡುಗಿಳಿಗಳನ್ನು ಸಾಕುವುದು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕಾರ ಅಪರಾಧ. ಆಫ್ರಿಕದ ಬೂದು ಗಿಳಿಯಂತಹ ವಿದೇಶಿ ಪ್ರಭೇದಗಳನ್ನು 2024ರ ನಿಯಮಗಳಂತೆ ಪರಿವೇಶ್ 2.0 ಜಾಲತಾಣದ ಮೂಲಕ ನೋಂದಾಯಿಸಬೇಕು. ಗಿಳಿಯ ಹಸ್ತಾಂತರ ಹಾಗೂ ಮರಣವನ್ನೂ ವರದಿ ಮಾಡಬೇಕು.

8. ಗುಣವಾಗದ ಸ್ಥಿತಿಯಲ್ಲಿ

ಕೆಲವು ವೃದ್ಧ ಗಿಳಿಗಳಲ್ಲಿ ಸೋಂಕು ಪೂರ್ಣವಾಗಿ ಗುಣವಾಗುವುದಿಲ್ಲ. ಆಗ ಗಿಳಿಯು ಆಯಾಸವಿಲ್ಲದೆ ತಿಂದು, ನಿದ್ರಿಸಿ, ಮನೆಯವರೊಡನೆ ಎಂದಿನಂತೆ ಬೆರೆಯುವಂತೆ ನೋಡಿಕೊಳ್ಳುವುದೇ ಚಿಕಿತ್ಸೆಯ ಉದ್ದೇಶವಾಗಿರುತ್ತದೆ. ಅದೂ ಸಾಧ್ಯವಾಗದಿದ್ದಲ್ಲಿ ನೋವಿಲ್ಲದ ಅಂತ್ಯದ ಕುರಿತು ವೈದ್ಯರೊಡನೆ ಸಮಾಲೋಚಿಸಬಹುದು. ಗಿಳಿ ಮೃತಪಟ್ಟಲ್ಲಿ ಮೃತದೇಹವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆಯೊಡನೆ ಇಟ್ಟು ಮರಣೋತ್ತರ ಪರೀಕ್ಷೆಗೆ ಒಪ್ಪಿಸುವುದು ಸೂಕ್ತ. ಇದರಿಂದ ಮನೆಯಲ್ಲಿನ ಇತರ ಪಕ್ಷಿಗಳ ಹಾಗೂ ಕುಟುಂಬದವರ ರಕ್ಷಣೆ ಸಾಧ್ಯವಾಗುತ್ತದೆ.